ಎರಡು ತಟ್ಟೆ, ಒಂದು ತಾಳ: ಡಿಜೆ ಕೈಯಲ್ಲಿ ನಿಜಕ್ಕೂ ನಡೆಯುವುದೇನು?

ನಮ್ಮ ಕಡೆ ‘ಡಿಜೆ’ ಅಂದರೆ ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಪೇರಿಸಿಟ್ಟ ಸ್ಪೀಕರ್ ರಾಶಿ. “ಈ ಸಲ ಡಿಜೆ ತರಿಸ್ತಿದ್ದಾರಂತೆ” ಅಂತಾರೆ. ತರಿಸುವುದು ಮನುಷ್ಯನನ್ನಲ್ಲ, ಪೆಟ್ಟಿಗೆಗಳನ್ನು. ಹಾಗಾಗಿ ನನ್ನ ಮನೆಗೆ ಬಂದವರು ಮೇಜಿನ ಮೇಲೆ ಹಾಡಿನ ತಟ್ಟೆ, ಅಂದರೆ ರೆಕಾರ್ಡ್, ತಿರುಗಿಸುವ ಎರಡು ಟರ್ನ್‌ಟೇಬಲ್, ನಡುವೆ ಎರಡರ ಸದ್ದನ್ನೂ ಬೆರೆಸುವ ಒಂದು ಮಿಕ್ಸರ್, ಪಕ್ಕದಲ್ಲಿ ಲ್ಯಾಪ್‌ಟಾಪ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಕೇಳುವುದು ಎರಡೇ ಪ್ರಶ್ನೆ. ತಟ್ಟೆ ತಿರುಗಿಸೋಕೆ ಎರಡು ಯಂತ್ರ ಯಾಕೆ, ಒಂದು ಸಾಲದಾ? ಕಂಪ್ಯೂಟರ್ ಇದ್ದ ಮೇಲೆ ತಟ್ಟೆಯಾದರೂ ಯಾಕೆ?

ಎರಡೂ ಒಳ್ಳೆಯ ಪ್ರಶ್ನೆಗಳೇ. ಇವೆರಡಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಈ ಹವ್ಯಾಸದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಮೊದಲನೆಯದು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಶುರುವಾಗಬೇಕು, ಕುಣಿಯುವವರ ಕಾಲು ನಿಲ್ಲಬಾರದು. ಒಂದು ತಟ್ಟೆ ಜನರಿಗೆ ಕೇಳುತ್ತಿರುವಾಗ ಇನ್ನೊಂದನ್ನು ಡಿಜೆ ಹೆಡ್‌ಫೋನಿನಲ್ಲಿ ಒಬ್ಬನೇ ಕೇಳಿಕೊಂಡು ತಯಾರು ಮಾಡುತ್ತಾನೆ. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಿತ್ತು. ತೊಂದರೆ ಏನೆಂದರೆ ಎರಡು ಹಾಡು ಒಟ್ಟಿಗೆ ಕೇಳುವ ಆ ಒಂದೆರಡು ನಿಮಿಷ ಎರಡರ ಬಡಿತವೂ ಒಂದರ ಮೇಲೊಂದು ಕೂರಬೇಕು. ಇದಕ್ಕೆ ಬೀಟ್‌ಮ್ಯಾಚಿಂಗ್ ಅಂತ ಹೆಸರು.

ಎಷ್ಟು ಕಷ್ಟ ಅಂತ ಒಂದು ಲೆಕ್ಕದಲ್ಲಿ ನೋಡೋಣ. ಒಂದು ಹಾಡಿನಲ್ಲಿ ನಿಮಿಷಕ್ಕೆ 120 ಬಡಿತ, ಅಂದರೆ 120 ಬಿಪಿಎಂ. ಇನ್ನೊಂದರಲ್ಲಿ 121. ಕಿವಿಗೆ ಬೇರೆ ಬೇರೆಯಾಗಿ ಹಾಕಿ ಕೇಳಿಸಿದರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಈಗ ಎರಡನ್ನೂ ಒಂದೇ ಕ್ಷಣಕ್ಕೆ ಬಿಟ್ಟಿರಿ ಅಂದುಕೊಳ್ಳಿ. ಮೊದಲ ನಾಲ್ಕು ಬಡಿತ ಚೆನ್ನಾಗಿರುತ್ತದೆ. ಏಳೆಂಟು ಸೆಕೆಂಡಿಗೆಲ್ಲ ‘ಧಡ್’ ಅಂತಿದ್ದದ್ದು ‘ಧಡಡ್’ ಆಗುತ್ತದೆ, ಯಾಕೆಂದರೆ ಒಂದೊಂದು ಬಡಿತಕ್ಕೂ ಸುಮಾರು 4 ಮಿಲಿಸೆಕೆಂಡ್ ಅಂತರ ಸೇರುತ್ತಾ ಹೋಗುತ್ತಿದೆ. ಕಾಲು ನಿಮಿಷಕ್ಕೆ ಕುದುರೆ ಓಡಿದ ಹಾಗೆ ಟಕಟಕ್ ಟಕಟಕ್. ಅರ್ಧ ನಿಮಿಷಕ್ಕೆ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಇದಕ್ಕಿಂತ ಕೆಟ್ಟದಾಗಿ ಕೇಳೋಕೆ ಸಾಧ್ಯವಿಲ್ಲ. ಒಂದು ನಿಮಿಷಕ್ಕೆ ಮತ್ತೆ ಸೇರಿಕೊಳ್ಳುತ್ತವೆ, ಆದರೆ ಒಂದು ಹಾಡು ಒಂದು ಪೂರ್ತಿ ಬಡಿತ ಮುಂದೆ ಹೋಗಿಬಿಟ್ಟಿರುತ್ತದೆ. ನಿಮಿಷಕ್ಕೆ ಒಂದೇ ಒಂದು ಬಡಿತದ ವ್ಯತ್ಯಾಸಕ್ಕೆ ಇಷ್ಟೆಲ್ಲ!

ಹಾಗಾದರೆ ತಟ್ಟೆಯ ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಲು ಬರಬೇಕು. ಇಲ್ಲಿ ಒಂದು ಯಂತ್ರದ ಹೆಸರು ಹೇಳಲೇಬೇಕು. ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200. ಇದು 1972ರಲ್ಲಿ ಬಂದಾಗ ಮನೆಯಲ್ಲಿ ಕೂತು ಸಂಗೀತ ಕೇಳುವವರಿಗಾಗಿ ಮಾಡಿದ್ದು. ಡಿಜೆಗಳು ಅದನ್ನು ತಮ್ಮದಾಗಿಸಿಕೊಂಡರು. 1979ರ ಎಂಕೆ2 ಮಾದರಿಯಲ್ಲಿ ಬಲಗಡೆಗೆ ಒಂದು ಉದ್ದನೆಯ ಸ್ಲೈಡರ್ ಬಂತು, ಅದೇ ಪಿಚ್ ಫೇಡರ್. ತಟ್ಟೆಯ ವೇಗವನ್ನು ಶೇಕಡಾ 8ರಷ್ಟು ಮೇಲೆ, 8ರಷ್ಟು ಕೆಳಗೆ ಮಾಡಬಹುದು. 120ರ ಹಾಡನ್ನು ಸುಮಾರು 110ಕ್ಕೂ ಇಳಿಸಬಹುದು, 129ಕ್ಕೂ ಏರಿಸಬಹುದು. ಮೇಲೆ ಹೇಳಿದ 120 ಮತ್ತು 121ರ ಜಗಳ ಬಿಡಿಸಲು ಶೇಕಡಾ ಒಂದೂ ಬೇಡ, 0.83 ಸಾಕು. ಆ ಸ್ಲೈಡರ್ ಮೇಲೆ ಅದು ಒಂದೆರಡು ಗೆರೆಯಷ್ಟು ದೂರ, ಅಕ್ಕಿಕಾಳಿನಷ್ಟು ಸರಿಸಿದರೆ ಆಯಿತು.

ಇನ್ನೊಂದು ಗುಣ ಮೋಟರ್‌ನದು. ಸಾಮಾನ್ಯ ಟರ್ನ್‌ಟೇಬಲ್‌ನಲ್ಲಿ ಮೋಟರಿನಿಂದ ತಟ್ಟೆಗೆ ಒಂದು ರಬ್ಬರ್ ಬೆಲ್ಟ್ ಇರುತ್ತದೆ. ಇದರಲ್ಲಿ ಬೆಲ್ಟ್ ಇಲ್ಲ. ತಟ್ಟೆ ಕೂರುವ ಕಡ್ಡಿಯನ್ನೇ ಮೋಟರ್ ತಿರುಗಿಸುತ್ತದೆ, ಅದಕ್ಕೇ ಡೈರೆಕ್ಟ್ ಡ್ರೈವ್ ಅನ್ನುವುದು. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರಲು 0.7 ಸೆಕೆಂಡ್ ಸಾಕು. ಇದು ಯಾಕೆ ಬೇಕು ಅಂದರೆ, ಡಿಜೆ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸುತ್ತಾನೆ, ಹಿಂದಕ್ಕೆ ಎಳೆಯುತ್ತಾನೆ, ಬಿಡುತ್ತಾನೆ. ಬಿಟ್ಟ ತಕ್ಷಣ ಓಡಬೇಕು. ರೆಕಾರ್ಡಿನ ಕೆಳಗೆ ಸ್ಲಿಪ್‌ಮ್ಯಾಟ್ ಅನ್ನುವ ಜಾರುವ ಬಟ್ಟೆ ಹಾಕಿರುತ್ತೇವೆ. ಮೇಲೆ ರೆಕಾರ್ಡ್ ನಿಂತಿದ್ದರೂ ಕೆಳಗೆ ಲೋಹದ ತಟ್ಟೆ ತಿರುಗುತ್ತಲೇ ಇರುತ್ತದೆ. ಹೀಗೆ ಹಿಡಿದು ಬಿಡುವುದನ್ನೂ ಬಡಿತಕ್ಕೆ ಬಡಿತ ಸೇರಿಸುವುದನ್ನೂ 1970ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಚರ್ಚ್ ಕಟ್ಟಡವೊಂದನ್ನು ಕ್ಲಬ್ ಮಾಡಿದ್ದ ‘ಸ್ಯಾಂಕ್ಚುಯರಿ’ಯಲ್ಲಿ ಫ್ರಾನ್ಸಿಸ್ ಗ್ರಾಸೊ ಅನ್ನುವ ಡಿಜೆ ಮಾಡುತ್ತಿದ್ದ. ಆಗ ಇಷ್ಟು ಸಲೀಸಾದ ಸ್ಲೈಡರ್ ಕೂಡ ಇರಲಿಲ್ಲ ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಸರಿ, ಈಗ ಕೈಯಲ್ಲಿ ಏನು ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ಎಡಗಡೆ ತಟ್ಟೆ ಓಡುತ್ತಿದೆ, ಸ್ಪೀಕರಿನಲ್ಲಿ ಕೇಳುತ್ತಿದೆ. ಬಲಗಡೆ ತಟ್ಟೆಗೆ ಹೊಸ ಹಾಡು ಹಾಕಿದ್ದೀನಿ. ಹೆಡ್‌ಫೋನಿನ ಒಂದು ಕಡೆ ಮಾತ್ರ ಕಿವಿಗೆ, ಇನ್ನೊಂದು ಕಿವಿ ಕೋಣೆಗೆ ಬಿಟ್ಟಿದೆ. ಮೊದಲ ಡ್ರಮ್ ಪೆಟ್ಟು ಎಲ್ಲಿದೆ ಅಂತ ಹುಡುಕುತ್ತೇನೆ. ಸಿಕ್ಕ ಮೇಲೆ ಬೆರಳಲ್ಲಿ ರೆಕಾರ್ಡನ್ನು ಹಿಂದೆ ಮುಂದೆ ಆಡಿಸಿದರೆ ‘ವುಪ್ ವುಪ್’ ಅಂತ ಸದ್ದು ಬರುತ್ತದೆ, ಪೆಟ್ಟು ಸರಿಯಾಗಿ ಸೂಜಿಯ ಕೆಳಗಿದೆ ಅಂತ ಅರ್ಥ. ಹೊರಗಿನ ಹಾಡಿನ ಒಂದು, ಎರಡು, ಮೂರು, ನಾಲ್ಕು ಎಣಿಸುತ್ತಾ ಮುಂದಿನ ‘ಒಂದು’ ಬಂದಾಗ ಬಿಡುತ್ತೇನೆ. ಸುಮ್ನೆ ಕೈ ಎತ್ತಿದರೆ ಸಾಲದು, ಒಂಚೂರು ಮುಂದಕ್ಕೆ ತಳ್ಳಿ ಬಿಡಬೇಕು.

ಈಗ ಎರಡು ಹಾಡು ಎರಡು ಕಿವಿಯಲ್ಲಿ. ಇಲ್ಲಿಂದ ಶುರುವಾಗುವುದೇ ನಿಜವಾದ ಕಲಿಕೆ. ಎರಡೂ ಸೇರಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಯಾವುದು ಮುಂದೆ, ಯಾವುದು ಹಿಂದೆ? ಅದು ಮಾತ್ರ ಹೊಸಬರಿಗೆ ಕೇಳಿಸುವುದೇ ಇಲ್ಲ. ನನಗೆ ಮೊದಲ ಮೂರು ವಾರ ಕೇಳಿಸಲಿಲ್ಲ. ದಿನಾ ರಾತ್ರಿ ಕೂತು ಬರೀ ಊಹೆ ಮಾಡುತ್ತಿದ್ದೆ, ಅರ್ಧ ಸಲ ತಪ್ಪುತ್ತಿತ್ತು. ಒಂದು ದಿನ ಇದ್ದಕ್ಕಿದ್ದ ಹಾಗೆ, ಹೊಸ ಹಾಡಿನ ಪೆಟ್ಟು ಮೊದಲು ಬಿದ್ದು ಹಳೆಯದು ಅದರ ಬಾಲದ ಹಾಗೆ ಹಿಂದೆ ಬರುವುದು ಸ್ಪಷ್ಟವಾಗಿ ಕೇಳಿಸಿತು. ಅವತ್ತಿನ ಖುಷಿ ಹೇಳತೀರದು. ಒಮ್ಮೆ ಕೇಳಿಸಿದ ಮೇಲೆ ಅದು ಮರೆತು ಹೋಗುವ ವಿದ್ಯೆಯಲ್ಲ, ಸೈಕಲ್ ಇದ್ದ ಹಾಗೆ.

ಇನ್ನೊಂದು ವಿಷಯ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸರಿಪಡಿಸುವ ಕೆಲಸ ಒಂದಲ್ಲ, ಎರಡು. ಇಬ್ಬರು ಜೊತೆಯಾಗಿ ನಡೆಯುತ್ತಿದ್ದಾರೆ ಅಂದುಕೊಳ್ಳಿ. ಒಬ್ಬನ ನಡಿಗೆಯೇ ಬಿರುಸು ಇರಬಹುದು, ಅಥವಾ ಇಬ್ಬರ ನಡಿಗೆಯೂ ಒಂದೇ ಇದ್ದು ಹೆಜ್ಜೆ ಮಾತ್ರ ಹಿಂದು ಮುಂದಾಗಿರಬಹುದು. ಎರಡನೆಯದಕ್ಕೆ ಬೆರಳು ಸಾಕು. ತಟ್ಟೆಯ ಅಂಚನ್ನು ಲಘುವಾಗಿ ಸವರಿದರೆ ಹಾಡು ಒಂಚೂರು ಹಿಂದೆ ಬೀಳುತ್ತದೆ, ಲೇಬಲ್ ಹತ್ತಿರ ಬೆರಳಿಟ್ಟು ಮುಂದಕ್ಕೆ ತಿರುವಿದರೆ ಮುಂದೆ ಬರುತ್ತದೆ. ಆದರೆ ಹತ್ತು ಸೆಕೆಂಡಿಗೊಮ್ಮೆ ಹಾಗೆ ಸವರುತ್ತಲೇ ಇರಬೇಕಾಗಿ ಬಂದರೆ? ಆಗ ನಡಿಗೆಯೇ ಬಿರುಸು ಅಂತ ಅರ್ಥ, ಸ್ಲೈಡರ್ ಇಳಿಸಬೇಕು. ಮೊದಲು ಬೆರಳಲ್ಲಿ ಹೆಜ್ಜೆ, ಆಮೇಲೆ ಸ್ಲೈಡರಿನಲ್ಲಿ ನಡಿಗೆ, ಮತ್ತೆ ಹೆಜ್ಜೆ, ಮತ್ತೆ ನಡಿಗೆ. ಪ್ರತಿ ಸಲವೂ ತಿದ್ದುವುದು ಕಡಿಮೆಯಾಗುತ್ತಾ ಬರುತ್ತದೆ.

ಅಭ್ಯಾಸಕ್ಕೆ ಒಳ್ಳೆಯ ದಾರಿ ಅಂದರೆ ಒಂದೇ ರೆಕಾರ್ಡಿನ ಎರಡು ಪ್ರತಿ. ಒಂದರ ಸ್ಲೈಡರನ್ನು ಕಣ್ಣು ಮುಚ್ಚಿ ಎಲ್ಲಿಗೋ ಸರಿಸಿ, ಅದರ ಮೇಲೊಂದು ಬಟ್ಟೆ ಮುಚ್ಚಿ, ಇನ್ನೊಂದನ್ನು ಅದಕ್ಕೆ ಸೇರಿಸಿ. ಬಟ್ಟೆ ತೆಗೆದರೆ ಉತ್ತರ ಅಲ್ಲೇ ಇರುತ್ತದೆ.

ಬಡಿತ ಸೇರಿದರೆ ಕೆಲಸ ಮುಗಿಯಲಿಲ್ಲ. ಕುಣಿತದ ಸಂಗೀತದಲ್ಲಿ ನಾಲ್ಕು ಬಡಿತಕ್ಕೊಂದು ಮನೆ, ಅಂಥ ಎಂಟು ಮನೆ ಸೇರಿ 32 ಬಡಿತಕ್ಕೆ ಒಂದು ಸುತ್ತು ಇರುವುದು ಜಾಸ್ತಿ. ಹಾಡಿನಲ್ಲಿ ಹೊಸದೇನಾದರೂ ಬರುವುದು ಆ ಸುತ್ತಿನ ಶುರುವಿನಲ್ಲೇ. ಕರ್ನಾಟಕ ಸಂಗೀತ ಕಲಿತವರಿಗೆ ಇದು ನೀರು ಕುಡಿದಷ್ಟು ಸುಲಭ. ಆದಿತಾಳದ ಎಂಟು ಅಕ್ಷರದ ನಾಲ್ಕು ಆವರ್ತ ಅಷ್ಟೇ ಅಲ್ವಾ? ತೊಡೆಯ ಮೇಲೆ ತಾಳ ಹಾಕುತ್ತಾ ಎಣಿಸಿ, ಹೊಸ ಹಾಡನ್ನು ಸಮದಲ್ಲಿ ಬಿಡಿ. ಬಡಿತ ಪಕ್ಕಾ ಸೇರಿದ್ದೂ ಸುತ್ತಿನ ನಡುವೆ ಬಿಟ್ಟರೆ ಒಬ್ಬರು ಪಲ್ಲವಿ ಹಾಡುವಾಗ ಇನ್ನೊಬ್ಬರು ಅನುಪಲ್ಲವಿಯ ಮಧ್ಯದಿಂದ ಎತ್ತಿಕೊಂಡ ಹಾಗೆ ಕೇಳುತ್ತದೆ. ಇನ್ನು ಮಿಕ್ಸರಿನಲ್ಲಿ ಬೇಸ್, ಅಂದರೆ ತಗ್ಗಿನ ಸದ್ದಿನ ಗುಂಡಿ. ಎರಡು ಹಾಡಿನ ಬೇಸ್ ಒಟ್ಟಿಗೆ ಬಂದರೆ ಎಲ್ಲ ಕೆಸರಾಗುತ್ತದೆ, ಹಾಗಾಗಿ ಒಂದರ ಬೇಸ್ ಇಳಿಸುತ್ತಾ ಅದೇ ಕ್ಷಣಕ್ಕೆ ಇನ್ನೊಂದರದ್ದು ಏರಿಸಬೇಕು. ಒಳ್ಳೆಯ ಮಿಕ್ಸ್ ಅನ್ನುವುದರ ಗುಟ್ಟು ಅರ್ಧ ಇಲ್ಲೇ ಇದೆ.

ಇಷ್ಟು ಹೊತ್ತು ಹೇಳಿದ್ದು ಡಿಸ್ಕೊ, ಹೌಸ್ ಅನ್ನುವ ಕುಣಿತದ ಸಂಗೀತದ ಕಡೆಯ ದಾರಿ. ಎರಡು ಟರ್ನ್‌ಟೇಬಲ್‌ಗೆ ಇನ್ನೊಂದು ಕಥೆಯೂ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ವಠಾರದಂಥ ದೊಡ್ಡ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟುಕೊಂಡಳು. ಹಾಡು ಹಾಕಿದ್ದು ಅವಳ ಅಣ್ಣ, ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್. ಜನ ಹುಚ್ಚೆದ್ದು ಕುಣಿಯುವುದು ಹಾಡಿನಲ್ಲಿ ಬರೀ ಡ್ರಮ್ ಇರುವ ಆ ಹತ್ತು ಇಪ್ಪತ್ತು ಸೆಕೆಂಡಿಗೆ ಅಂತ ಅವನು ಗಮನಿಸಿದ್ದ. ಆ ಭಾಗಕ್ಕೆ ಬ್ರೇಕ್ ಅನ್ನುತ್ತಾರೆ. ಒಂದು ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದು ತಟ್ಟೆಯಲ್ಲಿ ಬ್ರೇಕ್ ಶುರು ಮಾಡುವ ಚಾಳಿ ಅವನಿಂದ ಬಂತು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಇನ್ನೊಬ್ಬ ಡಿಜೆ ಇದನ್ನು ಕರಾರುವಾಕ್ಕು ಮಾಡಿದ. ರೆಕಾರ್ಡಿನ ಮೇಲೆ ಕ್ರೇಯಾನ್‌ನಲ್ಲಿ ಗುರುತು ಹಾಕಿ, ಎಷ್ಟು ಸುತ್ತು ಹಿಂದೆ ತಿರುಗಿಸಿದರೆ ಬ್ರೇಕಿನ ಶುರುವಿಗೆ ಬರುತ್ತೇನೆ ಅಂತ ಗಡಿಯಾರ ನೋಡಿದ ಹಾಗೆ ನೋಡುತ್ತಿದ್ದ. ಹಿಪ್‌ಹಾಪ್ ಹುಟ್ಟಿದ್ದು ಇಲ್ಲಿಂದ.

ಈ ಗಡಿಯಾರದ ಮಾತು ಬರೀ ಹೋಲಿಕೆಯಲ್ಲ, ಲೆಕ್ಕ ನೋಡಿ. 12 ಇಂಚಿನ ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗಿದರೆ ಒಂದು ಸುತ್ತಿಗೆ ಸರಿಯಾಗಿ 1.8 ಸೆಕೆಂಡ್. 100 ಬಿಪಿಎಂ ಹಾಡಾದರೆ ಒಂದು ಸುತ್ತಿನಲ್ಲಿ ಸರಿಯಾಗಿ ಮೂರು ಬಡಿತ. ಲೇಬಲ್ ಮೇಲೆ ಅಂಟಿಸಿದ ಚೀಟಿ ಈಗ 12 ಗಂಟೆಯ ಜಾಗದಲ್ಲಿದ್ದರೆ ಮುಂದಿನ ಬಡಿತಕ್ಕೆ 4ರ ಜಾಗ, ಅದರ ಮುಂದಿನದಕ್ಕೆ 8, ಆಮೇಲೆ ಮತ್ತೆ 12. ಸಂಗೀತ ಕಣ್ಣಿಗೆ ಕಾಣುತ್ತದೆ ಅಂದರೆ ಇದು. ತಟ್ಟೆಯ ಮೇಲಿನ ನನ್ನ ಪ್ರೀತಿಗೆ ದೊಡ್ಡ ಕಾರಣವೂ ಇದೇ.

ಇನ್ನು ಎರಡನೇ ಪ್ರಶ್ನೆ. ಕಂಪ್ಯೂಟರ್ ಇದ್ದ ಮೇಲೆ ತಟ್ಟೆ ಯಾಕೆ?

ನನ್ನ ಟರ್ನ್‌ಟೇಬಲ್ ಮೇಲೆ ಹೆಚ್ಚಿನ ಹೊತ್ತು ತಿರುಗುವ ರೆಕಾರ್ಡಿನಲ್ಲಿ ಹಾಡೇ ಇಲ್ಲ. ನೇರವಾಗಿ ಸ್ಪೀಕರಿಗೆ ಕೊಟ್ಟರೆ ‘ಕೀ...’ ಅನ್ನುವ ಒಂದೇ ಸದ್ದು. ಅದು ಟೈಮ್‌ಕೋಡ್ ರೆಕಾರ್ಡ್. ಹಾಡುಗಳೆಲ್ಲ ಲ್ಯಾಪ್‌ಟಾಪಿನಲ್ಲಿವೆ. ಈ ಸದ್ದು ಕೇಳಿಕೊಂಡು ತಂತ್ರಾಂಶ ನನ್ನ ಕೈ ಏನು ಮಾಡುತ್ತಿದೆ ಅಂತ ತಿಳಿದುಕೊಂಡು ಹಾಡನ್ನು ಹಾಗೇ ಓಡಿಸುತ್ತದೆ. ಹೇಗೆ ಅನ್ನುವುದು ನಿಜಕ್ಕೂ ಚಂದದ ಉಪಾಯ.

ಸೆರಾಟೊ ಅನ್ನುವ ಕಂಪನಿಯ ರೆಕಾರ್ಡನ್ನು ತೆಗೆದುಕೊಳ್ಳಿ. ಅದರಲ್ಲಿರುವುದು ಸೆಕೆಂಡಿಗೆ 1000 ಅಲೆಗಳ ನಾದ. ತಟ್ಟೆ ಶೇಕಡಾ 4 ಜೋರಾಗಿ ತಿರುಗಿದರೆ ಸೂಜಿಗೆ ಸಿಗುವುದು 1040. ಕೈಯಲ್ಲಿ ನಿಲ್ಲಿಸಿದರೆ ಏನೂ ಇಲ್ಲ. ವೇಗ ಗೊತ್ತಾಯಿತು. ದಿಕ್ಕು? ರೆಕಾರ್ಡ್ ಸ್ಟೀರಿಯೊ, ಎಡ ಬಲ ಎರಡರಲ್ಲೂ ಅದೇ ನಾದ ಇದೆ, ಆದರೆ ಒಂದರ ಅಲೆ ಇನ್ನೊಂದಕ್ಕಿಂತ ಕಾಲು ಭಾಗ ಮುಂದೆ. ತಟ್ಟೆ ಹಿಂದಕ್ಕೆ ತಿರುಗಿದರೆ ಮುಂದಿದ್ದದ್ದು ಹಿಂದಾಗುತ್ತದೆ. ದಿಕ್ಕೂ ಗೊತ್ತಾಯಿತು. ಇನ್ನು ಜಾಗ, ಅಂದರೆ ಸೂಜಿ ರೆಕಾರ್ಡಿನ ಎಷ್ಟನೇ ನಿಮಿಷದಲ್ಲಿದೆ ಅನ್ನುವುದು. ಇದಕ್ಕೆ ಪ್ರತಿ ಅಲೆಯನ್ನೂ ಸ್ವಲ್ಪ ಎತ್ತರ ಅಥವಾ ಸ್ವಲ್ಪ ಗಿಡ್ಡ ಮಾಡಿರುತ್ತಾರೆ. ಎತ್ತರ, ಗಿಡ್ಡ, ಗಿಡ್ಡ, ಎತ್ತರ ಅಂತ ಸಾಲಾಗಿ ಓದಿದರೆ ಅದೊಂದು ಸಂಖ್ಯೆ. ಸುಮಾರು 20 ಅಲೆ ಓದಿದರೆ ಸಾಕು, ಆ ಜೋಡಣೆ ಇಡೀ ರೆಕಾರ್ಡಿನಲ್ಲಿ ಇನ್ನೆಲ್ಲೂ ಬರುವುದಿಲ್ಲ. ಹೆದ್ದಾರಿಯಲ್ಲಿ ಹೋಗುವಾಗ ನಡುವಿನ ಬಿಳಿ ಗೆರೆಗಳು ಸರಿಯುವುದನ್ನು ನೋಡಿ ವೇಗ ಗೊತ್ತಾಗುತ್ತದೆ, ಕಿಲೋಮೀಟರ್ ಕಲ್ಲು ನೋಡಿ ಜಾಗ ಗೊತ್ತಾಗುತ್ತದೆ. ಇಲ್ಲಿ ಎರಡೂ ಒಂದೇ ಗೆರೆಯಲ್ಲಿವೆ.

2000ದ ದಶಕದ ಶುರುವಿನಲ್ಲಿ ಫೈನಲ್ ಸ್ಕ್ರ್ಯಾಚ್ ಅನ್ನುವ ಹೆಸರಿನಲ್ಲಿ ಇದು ಬಂತು, 2004ರಲ್ಲಿ ಸೆರಾಟೊ ಸ್ಕ್ರ್ಯಾಚ್ ಲೈವ್. ಟ್ರ್ಯಾಕ್ಟರ್ ಅನ್ನುವ ತಂತ್ರಾಂಶವೂ ಇದೆ, ಹೊಲದ ಟ್ರ್ಯಾಕ್ಟರ್ ಅಲ್ಲ, ಬರ್ಲಿನ್‌ನದ್ದು. ದುಡ್ಡು ಕೊಡದೆ ಸಿಗುವ, ಯಾರು ಬೇಕಾದರೂ ಒಳಗಿನ ಕೋಡ್ ತೆರೆದು ನೋಡಬಹುದಾದ ಮಿಕ್ಸ್ (ಕೊನೆಗೆ ಮೂರು ಎಕ್ಸ್ ಇರುವುದು) ಕೂಡ ಟೈಮ್‌ಕೋಡ್ ಓದುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಒಂದು ಎಚ್ಚರಿಕೆ. ಸೂಜಿಯಿಂದ ಬರುವ ವಿದ್ಯುತ್ತು ಬರೀ ಕೆಲವು ಮಿಲಿವೋಲ್ಟ್. ಅದಕ್ಕೇ ಮಿಕ್ಸರಿನಲ್ಲಿ ‘ಫೋನೊ’ ಅಂತ ಬೇರೆ ಕಿಂಡಿ ಇರುತ್ತದೆ, ಅಲ್ಲೇ ಚುಚ್ಚಬೇಕು. ಟರ್ನ್‌ಟೇಬಲಿನಿಂದ ಒಂದು ತೆಳ್ಳನೆಯ ಅರ್ಥ್ ವೈರ್ ಕೂಡ ಬರುತ್ತದೆ. ನಾನು ಮೊದಲ ಸಲ ಜೋಡಿಸಿದಾಗ ಅದು ಯಾಕೆ ಅಂತ ಗೊತ್ತಿಲ್ಲದೆ ಸುತ್ತಿ ಹಿಂದೆ ಬಿಟ್ಟಿದ್ದೆ. ‘ಗುಂಯ್...’ ಅಂತ ಗುನುಗು ಎರಡು ದಿನ ಬಿಡಲಿಲ್ಲ, ಟೈಮ್‌ಕೋಡ್ ತಪ್ಪು ತಪ್ಪಾಗಿ ಓದಿ ಹಾಡು ಮುಗ್ಗರಿಸುತ್ತಿತ್ತು. ಕೊನೆಗೆ ಪರದೆಯ ಮೇಲಿನ ವೃತ್ತ ನೋಡಿ ಪತ್ತೆಯಾಯಿತು. ಎಡ ಬಲ ಅಲೆಗಳ ಆ ಕಾಲು ಭಾಗದ ಅಂತರವನ್ನು ಚಿತ್ರ ಮಾಡಿದರೆ ದುಂಡನೆಯ ವೃತ್ತ ಬರುತ್ತದೆ, ತಂತ್ರಾಂಶ ಅದನ್ನು ತೋರಿಸುತ್ತದೆ. ಸೂಜಿಗೆ ಧೂಳು ಹಿಡಿದಿದ್ದರೆ ಗೆರೆ ಉಬ್ಬುತ್ತದೆ, ಒಂದು ಕಡೆಯ ವೈರ್ ಸಡಿಲವಿದ್ದರೆ ವೃತ್ತ ಚಪ್ಪಟೆಯಾಗುತ್ತದೆ. ನನ್ನದು ನಡುಗುತ್ತಿತ್ತು. ಅರ್ಥ್ ಸ್ಕ್ರೂ ಬಿಗಿ ಮಾಡಿದೆ, ಬಳೆಯ ಹಾಗೆ ದುಂಡಗೆ ನಿಂತಿತು.

ತಂತ್ರಾಂಶ ಕೊಡುವ ಅನುಕೂಲ ಕಡಿಮೆಯೇನಲ್ಲ. ನಿಜವಾದ ರೆಕಾರ್ಡಿನಲ್ಲಿ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ. ಶೇಕಡಾ 6 ಏರಿಸಿದರೆ ಹಾರ್ಮೋನಿಯಂನಲ್ಲಿ ‘ಸ’ದ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋದಷ್ಟು. ತಂತ್ರಾಂಶದಲ್ಲಿ ಕೀ ಲಾಕ್ ಒತ್ತಿದರೆ ವೇಗ ಬದಲಾದರೂ ಶ್ರುತಿ ಅಲ್ಲೇ ನಿಲ್ಲುತ್ತದೆ. ಒಂದೇ ಜಾಗವನ್ನು ನೂರು ಸಲ ಹಿಂದೆ ಮುಂದೆ ಉಜ್ಜಿದರೆ ಒಳ್ಳೆಯ ರೆಕಾರ್ಡಿನ ಗೆರೆ ಸವೆದು ‘ಸ್ಸ್’ ಅನ್ನತೊಡಗುತ್ತದೆ, ಟೈಮ್‌ಕೋಡ್ ರೆಕಾರ್ಡಾದರೆ ಸವೆಯಲಿ ಬಿಡಿ, ಹೊಸದು ತರಬಹುದು.

ಮತ್ತೆ ಸಿಂಕ್ ಅನ್ನುವ ಗುಂಡಿ. ಒತ್ತಿದರೆ ಎರಡು ಹಾಡಿನ ಬಡಿತವನ್ನು ಕಂಪ್ಯೂಟರೇ ಸೇರಿಸುತ್ತದೆ. ಅದನ್ನು ಬಳಸುವುದು ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಕಲಿಯುವ ಮೊದಲ ಆರು ತಿಂಗಳು ದಯವಿಟ್ಟು ಮುಟ್ಟಬೇಡಿ. ಸಿಂಕ್ ನಂಬುವುದು ಹಾಡಿನ ಮೇಲೆ ತಂತ್ರಾಂಶ ತಾನೇ ಹಾಕಿಕೊಂಡ ಗೀಟುಗಳನ್ನು, ಬೀಟ್‌ಗ್ರಿಡ್ ಅಂತಾರೆ. 174 ಬಿಪಿಎಂ ಹಾಡನ್ನು 87 ಅಂತ ಎಣಿಸಿರಬಹುದು, ಗೀಟು ಪೆಟ್ಟಿಗಿಂತ ಚೂರು ಪಕ್ಕಕ್ಕೆ ಬಿದ್ದಿರಬಹುದು. ಆಗ ಪರದೆ ‘ಸರಿಯಿದೆ’ ಅನ್ನುತ್ತದೆ, ಕಿವಿ ‘ಇಲ್ಲ’ ಅನ್ನುತ್ತದೆ. ಕಿವಿ ಪಳಗದಿದ್ದರೆ ಪರದೆಯನ್ನೇ ನಂಬುತ್ತೀರಿ.

ಇದು ಗೊತ್ತಾಗಬೇಕೆಂದರೆ ಹಳೆಯ ಕನ್ನಡ ಚಿತ್ರಗೀತೆಯ ಒಂದು 45 ಆರ್‌ಪಿಎಂ ರೆಕಾರ್ಡ್ ಹಾಕಿ ನೋಡಿ. ಕೋಲ್ಕತ್ತದ ದಮ್‌ದಮ್ ಕಾರ್ಖಾನೆಯಲ್ಲಿ ಎಚ್‌ಎಂವಿ ಅಚ್ಚು ಹಾಕುತ್ತಿದ್ದ ಕಾಲದ ಏಳಿಂಚಿನ ತಟ್ಟೆಗಳು ಹುಡುಕಿದರೆ ಇನ್ನೂ ಸಿಗುತ್ತವೆ. ಆಗ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸುತ್ತಿತ್ತು, ಲಯ ಹಿಡಿದದ್ದು ಮನುಷ್ಯರ ಕೈ. ಚರಣಕ್ಕೆ ಬಂದಾಗ ಹಾಡು ಒಂಚೂರು ನಿಧಾನವಾಗುತ್ತದೆ, ಪಿಟೀಲುಗಳು ಬಂದಾಗ ಒಂಚೂರು ಮುಂದೋಡುತ್ತದೆ. ಹಾಡು ಉಸಿರಾಡುತ್ತದೆ. ಒಂದೇ ಅಳತೆಯ ಗೀಟು ಅದಕ್ಕೆ ಹೊಂದುವುದಿಲ್ಲ, ಸಿಂಕ್ ಕೈ ಚೆಲ್ಲುತ್ತದೆ.

ಅಂಥ ಹಾಡಿನ ಕೆಳಗೆ ಒಂದು ಹೊಸ ಡ್ರಮ್ ತಾಳವನ್ನು ಕೂರಿಸುವುದು ಈಗ ನನ್ನ ರಾತ್ರಿಗಳ ಕೆಲಸ. ಎಡಗೈ ತಟ್ಟೆಯ ಅಂಚಿನಲ್ಲಿ, ಬಲಗೈ ಸ್ಲೈಡರಿನ ಮೇಲೆ. ಗಾಯಕ ಸಾಲಿನ ಕೊನೆಯನ್ನು ಎಳೆಯುತ್ತಾನೆ ಅಂತ ಮೊದಲೇ ಗೊತ್ತಿರಬೇಕು, ಅವನು ಎಳೆಯುವ ಹೊತ್ತಿಗೆ ನನ್ನ ತಾಳವೂ ಬೆರಳಿನಡಿ ತಡೆದು ನಿಲ್ಲಬೇಕು, ತಬಲಾ ಮತ್ತೆ ಎತ್ತಿಕೊಂಡಾಗ ಬಿಡಬೇಕು. ಮೂರೂವರೆ ನಿಮಿಷ, ಸೂಜಿ ಒಳಗಿನ ಕೊನೆಯ ಗೆರೆಗೆ ಹೋಗಿ ‘ಟಿಕ್... ಟಿಕ್’ ಅನ್ನುವವರೆಗೂ ಕೈ ತೆಗೆಯುವ ಹಾಗಿಲ್ಲ.